ಸಾಕು ಎನ್ನುವ ಬೆರಳು

ರಾಮನಗರದ ಅನ್ಸರ್ ಸಾಹೇಬರ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಥರ್ಮಾಮೀಟರ್ ಇರಲಿಲ್ಲವೆಂದಲ್ಲ. ಎಂಟು ವರ್ಷದ ಹಿಂದೆ ಯಾವುದೋ ಯೋಜನೆಯಲ್ಲಿ ಬಂದದ್ದು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಪ್ರತಿ ಆಯುಧಪೂಜೆಗೆ ಕೆಲಸದ ಹೆಂಗಸರು ಅದಕ್ಕೊಂದು ಚೆಂಡುಹೂವು ಸಿಕ್ಕಿಸಿ, ಕುಂಕುಮದ ಬೊಟ್ಟಿಟ್ಟು ಕೈಮುಗಿಯುತ್ತಿದ್ದರು. ನೀರಿಗೆ ಮಾತ್ರ ಅದನ್ನು ಒಂದು ದಿನವೂ ಇಳಿಸಿದವರಿಲ್ಲ.

ನೀರಿನ ಬಿಸಿ ಅಳೆಯುತ್ತಿದ್ದುದು ಹೊಂಬಾಳಮ್ಮನ ಬಲಗೈ ತೋರುಬೆರಳು. ಬೆಳಗ್ಗೆ ಏಳಕ್ಕೆ ಬಾಯ್ಲರ್ ನೋಡುವ ಚಿಕ್ಕಣ್ಣ ಹಬೆಯ ತಿರುಪು ಬಿಟ್ಟನೆಂದರೆ ನಾಲ್ಕು ತೊಟ್ಟಿಗಳ ನೀರೂ ಒಟ್ಟಿಗೆ ಕಾಯುತ್ತಿತ್ತು. ಹೊಂಬಾಳಮ್ಮ ಮೊದಲ ತೊಟ್ಟಿಗೆ ಬೆರಳು ಅದ್ದಿ ನಿಲ್ಲುತ್ತಿದ್ದಳು. ಬೆರಳಿಗೆ ಚುರ್ರೆಂದು ಕಚ್ಚಿದ ಗಳಿಗೆಗೆ "ಸಾಕು" ಎನ್ನುತ್ತಿದ್ದಳು, ಚಿಕ್ಕಣ್ಣ ತಿರುಪು ಮುಚ್ಚುತ್ತಿದ್ದ. ಆ ಮಾತು ಬಿದ್ದ ಮೇಲೆ ಉಳಿದ ಮೂವರು, ಎಂದರೆ ಖುರ್ಷಿದಾ, ಸಣ್ಣತಾಯಮ್ಮ, ಕೆಂಪಾಜಮ್ಮ, ಹಿಂದೆ ಮುಂದೆ ನೋಡದೆ ತಂತಮ್ಮ ತೊಟ್ಟಿಗೆ ಎರಡೂ ಕೈ ಹಾಕಿ, ಬೆಂದ ಗೂಡುಗಳ ನಡುವೆ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ "ಸಾಕು" ಒಂದು ಸಲವೂ ತಪ್ಪಿರಲಿಲ್ಲ.

ಬೆರಳು ಅದಕ್ಕೆ ತೆರಬೇಕಾದದ್ದನ್ನು ತೆತ್ತಿತ್ತು. ದಿನವಿಡೀ ಬಿಸಿನೀರಿನಲ್ಲಿ ನೆನೆದ ಕೈಗಳ ನರ ಹಾಳಾಗುವುದು ಆ ಕೆಲಸದಲ್ಲಿ ಹೊಸತಲ್ಲ. ಹೊಂಬಾಳಮ್ಮನಿಗೆ ಐವತ್ತು ತುಂಬುವ ಹೊತ್ತಿಗೆ ಸೀರೆಯ ಸೆರಗು ತಗುಲಿದರೂ ಕೈಗೆ ಕೆಂಡ ಸುರಿದಂತಾಗುತ್ತಿತ್ತು. ಫ್ಯಾನಿನ ಗಾಳಿ ತಡೆಯುತ್ತಿರಲಿಲ್ಲ. ಮಲಗುವಾಗ ಎರಡೂ ಕೈಗಳನ್ನು ಹೊದಿಕೆಯ ಹೊರಗೆ, ಯಾವುದಕ್ಕೂ ತಾಗದ ಹಾಗೆ ಚಾಚಿಕೊಂಡು ಮಲಗುತ್ತಿದ್ದಳು. ನೋಡಿದವರಿಗೆ ಯಾರಿಗೋ ಏನನ್ನೋ ಕೊಡಲು ಕಾದಿದ್ದಾಳೆ ಅನ್ನಿಸುತ್ತಿತ್ತು.

ಅದನ್ನು ನೋಡುತ್ತಲೇ ಬೆಳೆದವಳು ಜಯಶೀಲಾ, ಅವಳ ಅಕ್ಕನ ಮಗಳು. ತಾಯಿ ತೀರಿಕೊಂಡಾಗ ನಾಲ್ಕು ವರ್ಷದ ಕೂಸು. ಹೊಂಬಾಳಮ್ಮ ಮದುವೆಯ ಮಾತನ್ನು ಅಲ್ಲಿಗೇ ಕೈಬಿಟ್ಟು ಕೂಸನ್ನು ಎತ್ತಿಕೊಂಡಳು, ಸಾಕಿದಳು, ಓದಿಸಿದಳು. ಈಗ ಜಯಶೀಲಾ ಬೆಂಗಳೂರಿನ ಒಂದು ಔಷಧ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅವಳು ಆರಿಸಿಕೊಂಡ ವಿಷಯ ನರದ ನೋವು. ಬೇರೆ ಯಾವುದನ್ನು ಆರಿಸಿಕೊಂಡಾಳು?

ಅವಳ ಸಂಶೋಧನೆಯ ಮೊಳಕೆ ಹೊಂಬಾಳಮ್ಮನ ಒಂದು ಮಾತಿನಲ್ಲೇ ಇತ್ತು. "ಮುಟ್ಟಿದ್ದೆಲ್ಲ ಉರಿಯೋ ಕೈಗೆ ನೀರಿನ ಬಿಸಿ ಹೆಂಗೆ ಗೊತ್ತಾಗತ್ತೆ ಚಿಕ್ಕವ್ವ?" ಎಂದು ಒಂದು ದಿನ ಜಯಶೀಲಾ ಕೇಳಿದ್ದಳು.

"ಸುಳ್ಳು ಉರಿನೇ ಬ್ಯಾರೆ, ನೀರಿನ ಕಚ್ಚೇ ಬ್ಯಾರೆ ಕಣ್ ಮಗ. ನಾಯಿ ಸುಮ್ಸುಮ್ನೆ ಬೊಗಳೋದಕ್ಕೂ ಕಳ್ಳನ್ನ ಕಂಡು ಬೊಗಳೋದಕ್ಕೂ ಮನೆಯೋರಿಗೆ ಯತ್ಯಾಸ ಗೊತ್ತಾಗಕಿಲ್ವ?"

ಸುಮ್ಮನೆ ಬೊಗಳುವುದನ್ನಷ್ಟೇ ನಿಲ್ಲಿಸುವ ಔಷಧಿ ಇದ್ದರೆ? ಆ ಪ್ರಶ್ನೆಗೆ ಜಯಶೀಲಾಳ ಒಂಬತ್ತು ವರ್ಷ ಹೋಯಿತು. ಕೈಯಿಂದ ಹೊರಟ ನೋವಿನ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದಕ್ಕೊಂದು ಕಾವಲುಕಟ್ಟೆ ಇದೆ. ಅಲ್ಲಿ ಕೆಲವು ನರಕೋಶಗಳ ಕೆಲಸವೇ "ಸುಮ್ಮನಿರು" ಎಂದು ಗದರುವುದು. ಅವು ಗ್ಲೈಸಿನ್ ಎಂಬ ವಸ್ತುವನ್ನು ಚೆಲ್ಲುತ್ತವೆ. ಸುದ್ದಿ ಒಯ್ಯುವ ಕೋಶದ ಮೈಮೇಲೆ ಗ್ಲೈಸಿನ್ನಿಗಾಗಿಯೇ ಇರುವ ಪುಟ್ಟ ಬಾಗಿಲುಗಳು ತೆರೆದುಕೊಂಡು, ಕ್ಲೋರೈಡ್ ಕಣಗಳು ಒಳಹೊಕ್ಕು, ಕೋಶ ತಣ್ಣಗಾಗುತ್ತದೆ. ನರ ಹಾಳಾದವರಲ್ಲಿ ಈ ಬಾಗಿಲುಗಳು ಬೇಗ ಮುಚ್ಚಿಬಿಡುತ್ತವೆ. ಗದರುವವರಿಲ್ಲದೆ ಗಾಳಿಯೂ ಬೆಂಕಿಯಾಗಿ ಮಿದುಳು ಮುಟ್ಟುತ್ತದೆ. ಜಯಶೀಲಾ ಕಟ್ಟಿದ ಅಣು, ಜಿಆರ್-೪೧, ಆ ಬಾಗಿಲನ್ನು ಚೂರು ಹೊತ್ತು ಹೆಚ್ಚಾಗಿ ತೆರೆದು ಹಿಡಿಯುತ್ತಿತ್ತು. ಅಷ್ಟೇ ಅದರ ಕೆಲಸ.

ಇಲಿಗಳಲ್ಲಿ ಅದು ಚೆನ್ನಾಗಿ ನಡೆಯಿತು. ನರ ಗಾಯಗೊಂಡ ಇಲಿ ನವಿಲುಗರಿ ತಾಗಿದರೂ ಕಾಲು ಎಳೆದುಕೊಳ್ಳುವುದನ್ನು ನಿಲ್ಲಿಸಿತು. ಬಿಸಿ ತಟ್ಟೆಯ ಮೇಲಿಟ್ಟರೆ ಮಾತ್ರ ಮೊದಲಿನ ಹಾಗೇ ಕಾಲೆತ್ತಿತು. ಸುಳ್ಳು ಬೊಗಳುವಿಕೆ ನಿಂತಿತ್ತು, ನಿಜದ್ದು ಉಳಿದಿತ್ತು. ಜಯಶೀಲಾ ಅಂದು ಪ್ರಯೋಗಾಲಯದಲ್ಲೇ ಕೂತು ಅತ್ತಳು.

ಆಮೇಲೆ ನಿಯಮದಂತೆ ಪ್ರಮಾಣ ಹೆಚ್ಚಿಸುತ್ತಾ ಹೋದಳು. ನಾಲ್ಕು ಪಟ್ಟು ಕೊಟ್ಟ ದಿನ ಇಲಿ ಬಿಸಿ ತಟ್ಟೆಯ ಮೇಲೆ ಕೂತು ನೆಮ್ಮದಿಯಾಗಿ ಮೀಸೆ ತೀಡಿಕೊಂಡಿತು. ಕಾಲೆತ್ತಲೇ ಇಲ್ಲ. ಅವಳೇ ಅದನ್ನು ಎತ್ತಿ ಕೆಳಗಿಟ್ಟಳು. ಸಂಜೆ ವರದಿಯಲ್ಲಿ ಬರೆದಳು: "ನಾಲ್ಕು ಪಟ್ಟು ಪ್ರಮಾಣದಲ್ಲಿ ರಕ್ಷಣೆಯ ನೋವೂ ಅಳಿಯುತ್ತದೆ. ಮನುಷ್ಯರಲ್ಲಿ ಈ ಮಟ್ಟದ ಹತ್ತಿರ ಹೋಗಕೂಡದು."

ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ಚಿದಂಬರ ಆ ಪುಟವನ್ನು ಎರಡು ಸಲ ಓದಿ, ಅಂಚಿನಲ್ಲಿ ಸಹಿ ಹಾಕಿ, "ಒಳ್ಳೆ ಕೆಲಸ. ಹತ್ತಿರ ಹೋಗೋದು ಬೇಡ," ಎಂದರು.

ಚಿದಂಬರರ ವಿಷಯ ಹೇಳಲೇಬೇಕು. ಕೆಟ್ಟವರು ಕೆಟ್ಟವರ ಹಾಗೆ ಕಾಣಿಸುವಂತಿದ್ದರೆ ಲೋಕದಲ್ಲಿ ಅರ್ಧ ಕಷ್ಟ ಇರುತ್ತಿರಲಿಲ್ಲ. ಈ ಮನುಷ್ಯ ಜಯಶೀಲಾಳ ಇಂಗ್ಲಿಷ್ ತಿದ್ದಿದವರು, ಅವಳಿಗೆ ಟೈಫಾಯ್ಡ್ ಆದಾಗ ಗಂಜಿ ಕಳಿಸಿದವರು, ಸಭೆಗಳಲ್ಲಿ ತಾವು ಹಿಂದೆ ನಿಂತು ಅವಳನ್ನು ಮುಂದೆ ತಳ್ಳಿದವರು. ತಂದೆಯ ಮುಖ ನೋಡದ ಅವಳು ಮನಸ್ಸಿನಲ್ಲೇ ಅವರಿಗೆ ಆ ಜಾಗ ಕೊಟ್ಟಿದ್ದಳು.

ಮನುಷ್ಯರ ಮೇಲೆ ಪರೀಕ್ಷೆ ಮಾಡುವ ಹೊತ್ತು ಬಂದಾಗ, ಬಿಚ್ಚಾಣಿಕೆಯ ಹೆಂಗಸರಿಗಿಂತ ತಕ್ಕವರು ಯಾರು ಎಂದವರು ಚಿದಂಬರರೇ. ಸಂಬಂಧಿಕರನ್ನು ಸೇರಿಸಿಕೊಳ್ಳಬಾರದು ಎಂದು ಜಯಶೀಲಾ ಹೇಳಿದಳು. "ಊರಿನವರ ನಂಬಿಕೆ ಬೇಕಲ್ಲಮ್ಮ. ನಿಮ್ಮ ಚಿಕ್ಕಮ್ಮ ಬಂದರೆ ಎಲ್ಲರೂ ಬರ್ತಾರೆ. ಅವರ ದಾಖಲೆ ನೀನು ನೋಡಬೇಡ, ಬೇರೆಯವರು ನೋಡ್ಕೋತಾರೆ," ಎಂದರು.

ಒಂದು ಭಾನುವಾರ ಅವರೇ ರಾಮನಗರಕ್ಕೆ ಬಂದರು. ಹೊಂಬಾಳಮ್ಮನ ಮನೆಯಲ್ಲಿ ಚಾಪೆಯ ಮೇಲೆ ಕೂತು, ಅವರೆಕಾಳು ಸಾರಿನಲ್ಲಿ ಮುದ್ದೆ ಉಂಡು, ಎರಡನೇ ಸಲ ಸಾರು ಹಾಕಿಸಿಕೊಂಡರು. "ಅಮ್ಮಾ, ನಿಮ್ಮ ಮಗಳು ನಮ್ಮ ಸಂಸ್ಥೆಗೆ ಚಿನ್ನ," ಎಂದರು. ಹೊಂಬಾಳಮ್ಮ ಆ ಮಾತನ್ನು ಮುಂದೆ ಬೀದಿಯ ಮೂರು ಕಡೆ ಹೇಳಿದಳು.

ಒಪ್ಪಿಗೆ ಪತ್ರ ಹನ್ನೊಂದು ಪುಟ ಇತ್ತು. ಜಯಶೀಲಾ ಓದಲು ಶುರು ಮಾಡಿದಳು. ಮೂರನೇ ಪುಟದಲ್ಲಿ ಹೊಂಬಾಳಮ್ಮ ತಡೆದಳು. "ನೀನು ಓದಿದ್ದೀಯ ತಾನೆ?"

"ಪೂರ್ತಿ ಓದಿದೀನಿ ಚಿಕ್ಕವ್ವ. ಬರೆದಿದ್ದೇ ನಾನು."

"ಹಂಗಾದ್ರೆ ಸಾಕು."

ಹೆಬ್ಬೆಟ್ಟು ಒತ್ತಿಸುವುದೇ ಕಷ್ಟವಾಯಿತು. ನೀರಿನಲ್ಲಿ ಸವೆದ ಬೆರಳಲ್ಲಿ ಗೆರೆಗಳು ಎಲ್ಲಿದ್ದವು? ಮೂರನೇ ಸಲಕ್ಕೆ ಹೇಗೋ ನಾಲ್ಕು ಗೆರೆ ಮೂಡಿದವು. ಅದನ್ನು ನೋಡಿದ ಮೇಲೆ ಖುರ್ಷಿದಾ, ಸಣ್ಣತಾಯಮ್ಮ, ಕೆಂಪಾಜಮ್ಮ ಮೂವರೂ ಸಾಲಾಗಿ ಬಂದು ಒತ್ತಿದರು. ಅವರಿಗೂ ಹೊಂಬಾಳಮ್ಮ "ಸಾಕು" ಎಂದಾಗಿತ್ತಲ್ಲ.

ನಾಲ್ವರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಸಕ್ಕರೆ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಹೆಸರಿನ ಬದಲು ಸಂಖ್ಯೆ. ಹೆಂಗಸರು ಅದಕ್ಕೆ ತಂಪು ಮಾತ್ರೆ ಎಂದು ಹೆಸರಿಟ್ಟರು. ವಾರಕ್ಕೊಮ್ಮೆ ಫೋನಿನಲ್ಲಿ ಒಬ್ಬಳು ನರ್ಸು ಕೇಳುತ್ತಿದ್ದಳು, "ಹತ್ತಕ್ಕೆ ನೋವು ಎಷ್ಟಿದೆ?"

"ಹದಿಮೂರು," ಎಂದಳು ಹೊಂಬಾಳಮ್ಮ ಮೊದಲ ವಾರ.

"ಹತ್ತರೊಳಗೆ ಹೇಳಬೇಕಮ್ಮ."

"ನೋವಿಗೆ ಹೇಳಿ ಆ ಮಾತ."

ಎರಡು ತಿಂಗಳಾಗುವಷ್ಟರಲ್ಲಿ ಅದು ಆರಕ್ಕೆ ಇಳಿಯಿತು. ಉರಿ ಪೂರ್ತಿ ಹೋಗಿರಲಿಲ್ಲ. ಆದರೂ ಸೆರಗು ತಾಗಿದರೆ ತಡೆಯಬಹುದಿತ್ತು. "ಕುರುಡುಗಣ್ಣಿಗಿಂತ ಮೆಳ್ಳಗಣ್ಣು ವಾಸಿ ಕಣ್ ಮಗ, ಇಷ್ಟಾದ್ರೂ ಆಯ್ತಲ್ಲ," ಎಂದಳು. ಕೆಂಪಾಜಮ್ಮ ಮಾತ್ರ ತನಗೆ ಏನೂ ಇಳಿದಿಲ್ಲ ಎಂದು ಗೊಣಗುತ್ತಿದ್ದಳು. ಮೊದಮೊದಲು ಹೊಂಬಾಳಮ್ಮನ ಮಗಳ ಮಾತ್ರೆಗೆ ಹೆಸರು ಕೆಡದಿರಲಿ ಎಂದು ನರ್ಸಿಗೆ ಐದು, ಆರು ಎಂದು ಸುಳ್ಳು ಹೇಳಿ, ಕೊನೆಗೆ ಬೇಸತ್ತು ಒಂಬತ್ತಕ್ಕೇ ನಿಂತಳು. "ನಿನ್ ಹಣೆಬರಾನೇ ಹಂಗೆ, ದೇವ್ರು ವರ ಕೊಟ್ರೂ ಪೂಜಾರಿ ಕೊಡಾಕಿಲ್ಲ," ಎಂದು ಉಳಿದವರು ರೇಗಿಸುತ್ತಿದ್ದರು.

ಪ್ರಯೋಗಾಲಯದಲ್ಲಿ ಜಯಶೀಲಾಳ ಪರದೆಯ ಮೇಲೆ ಹೆಸರಿಲ್ಲದ ಅಂಕಿಗಳು ಗೆರೆಯಾಗಿ ಇಳಿಯುತ್ತಿದ್ದವು. ಹದಿನೆಂಟನೇ ವಾರದವರೆಗೆ ನಿಧಾನದ ಇಳಿಜಾರು. ಆಮೇಲೆ ಒಂದನ್ನು ಬಿಟ್ಟು ಉಳಿದ ಗೆರೆಗಳು ಒಮ್ಮೆಗೇ ಬಾವಿಗೆ ಬಿದ್ದಂತೆ ಒಂದಕ್ಕೆ, ಸೊನ್ನೆಗೆ ಇಳಿದವು. ಅವಳು ಗಾಬರಿಯಿಂದ ಚಿದಂಬರರ ಕೋಣೆಗೆ ಹೋದಳು.

"ಇಷ್ಟು ಬೇಗ ಹೀಗೆ ಬೀಳೋದು ಹೇಗೆ ಸರ್?"

"ಶರೀರದಲ್ಲಿ ಔಷಧಿ ಸೇರ್ಕೊಳ್ಳೋಕೆ ಸಮಯ ಬೇಕಲ್ವೇನಮ್ಮ? ಈಗ ಸೇರಿದೆ. ಖುಷಿ ಪಡು," ಎಂದರು. ಅಮೆರಿಕದ ಒಂದು ದೊಡ್ಡ ಕಂಪನಿ ಜಿಆರ್-೪೧ನ್ನು ಕೊಳ್ಳಲು ಮಾತಾಡುತ್ತಿದೆ, ಆರಕ್ಕೆ ಇಳಿದರೆ ಅವರಿಗೆ ಸಾಲದು, ಒಂದಕ್ಕೆ ಇಳಿಯಬೇಕು ಎಂದು ಅವರು ಹಿಂದೆ ಹೇಳಿದ್ದು ಅವಳಿಗೆ ನೆನಪಿತ್ತು. ಆ ನೆನಪಿನ ಬೆನ್ನು ಹತ್ತಲಿಲ್ಲ. ಖುಷಿ ಪಟ್ಟಳು.

ಆ ಭಾನುವಾರ ಊರಿಗೆ ಹೋದಾಗ ಹೊಂಬಾಳಮ್ಮ ಫ್ಯಾನಿನ ಕೆಳಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ತನ್ನ ಕೈಯಿಂದ ತಾನೇ. ಜಯಶೀಲಾ ಅದನ್ನು ಹತ್ತು ವರ್ಷದಿಂದ ನೋಡಿರಲಿಲ್ಲ.

"ನಿದ್ದೆ ಬತ್ತೈತೆ ಕಣೆ ಜಯ. ಕೈ ಕಂಬಳಿ ಒಳಗಿಟ್ಕೊಂಡು ಮನಿಕ್ಕೊಂತೀನಿ. ಚಿಕ್ಕೋಳಿದ್ದಾಗ ನಿನ್ನ ತಬ್ಕೊಂಡು ಮನಿಕ್ಕೊಂತಿದ್ನಲ್ಲ, ಹಂಗೆ."

ಆಮೇಲೆ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮಸಿಬಟ್ಟೆ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟದೆ ಹೊಂಬಾಳಮ್ಮ ಎರಡು ಅಂಗೈಯಲ್ಲಿ ಪಾತ್ರೆಯನ್ನು ಅಪ್ಪಿ ಹಿಡಿದು, ನಿಧಾನವಾಗಿ ತಂದು, ಕಟ್ಟೆಯ ಮೇಲಿಟ್ಟು, "ಕಾಫಿ ಕುಡಿಯೋಣ ಬಾ," ಎಂದಳು.

ಜಯಶೀಲಾಳ ಕಣ್ಣ ಮುಂದೆ ಒಂದು ಕ್ಷಣ ಮೀಸೆ ತೀಡುವ ಇಲಿ ಬಂದು ಹೋಯಿತು. ಐದು ಮಿಲಿಗ್ರಾಮಿಗೆ ಹಾಗಾಗುವುದು ಸಾಧ್ಯವೇ ಇಲ್ಲ, ಅದು ತಾನೇ ಲೆಕ್ಕ ಹಾಕಿ ಬರೆದ ಪ್ರಮಾಣ. ಅಡುಗೆ ಮಾಡಿ ಮಾಡಿ ಕೈ ದಡ್ಡುಗಟ್ಟಿದ ಹೆಂಗಸರು ಹೀಗೆ ಎತ್ತುವುದಿಲ್ಲವೇ? ಕಾಫಿ ಚೆನ್ನಾಗಿತ್ತು. ಅವಳು ಇನ್ನೊಂದು ಲೋಟ ಹಾಕಿಸಿಕೊಂಡಳು.

ಮಾರನೆಯ ಬೆಳಗ್ಗೆ ಮಾಗಿಯ ಚಳಿ ಬಿದ್ದಿತ್ತು, ಘಟಕದಲ್ಲಿ ಎಲ್ಲೆಲ್ಲೂ ಹಬೆ. ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಹೊಂಬಾಳಮ್ಮ ಬೆರಳು ಅದ್ದಿ ನಿಂತಳು. ನೀರು ಬೆಚ್ಚಗಾದದ್ದು ತಿಳಿಯಿತು. ಕೆಲವು ದಿನಗಳಿಂದ ಮಂದವಾಗುತ್ತಾ ಬಂದಿದ್ದ ಕಚ್ಚು ಅಂದು ಬರಲೇ ಇಲ್ಲ.

"ಸಾಕೇನವ್ವ?" ಎಂದ ಚಿಕ್ಕಣ್ಣ.

"ತಡಿಯಪ್ಪ, ಇನ್ನೂ ಬಂದಿಲ್ಲ."

ಚಿಕ್ಕಣ್ಣ ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ತಡೆಯೆಂದಳು. ಗೂಡುಗಳು ನೀರಿನ ಮೇಲೆ ಕುಣಿಯುತ್ತಿದ್ದವು, ಆದರೆ ಅವಳು ಕಣ್ಣಿನಿಂದ ಬಿಸಿ ನೋಡಿದವಳಲ್ಲ. ಇಷ್ಟು ಹೊತ್ತಾದರೂ ಬರದಿದ್ದರೆ ಚಳಿಗೆ ಬೆರಳು ಮರಗಟ್ಟಿರಬೇಕು ಎಂದುಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ ಊಹೆಯ ಮೇಲೆ "ಸಾಕು" ಎಂದಳು.

ನಾಲ್ವರೂ ಕೈ ಹಾಕಿದರು. ಕಿರುಚಿದವಳು ಕೆಂಪಾಜಮ್ಮ ಒಬ್ಬಳೇ. ಕೈ ನೀರು ಮುಟ್ಟಿದ್ದೇ ತಡ ಅವಳು ಹಿಂದಕ್ಕೆ ಹಾರಿ, ಬೆಂಚಿನಿಂದ ಕೆಳಗೆ ಬಿದ್ದಳು. ಖುರ್ಷಿದಾ, ಸಣ್ಣತಾಯಮ್ಮ, ಹೊಂಬಾಳಮ್ಮ ಮೂವರೂ ಇವಳಿಗೇನಾಯಿತು ಎಂದು ಆಶ್ಚರ್ಯದಿಂದ ತಿರುಗಿ ನೋಡಿದರು. ನೋಡುವಾಗಲೂ ಅವರ ಕೈಗಳು ಕುದಿಯುವ ನೀರಿನೊಳಗೆ ಎಳೆಯ ತುದಿ ಹುಡುಕುತ್ತಲೇ ಇದ್ದವು.

"ಕೈ ತೆಗೀರೇ," ಎಂದು ಕೆಂಪಾಜಮ್ಮ ನೆಲದಿಂದಲೇ ಅರಚಿದಳು. "ನೀರು ಕುದೀತಾ ಐತೆ, ಕೈ ತೆಗೀರೇ."

ಬೆಂಗಳೂರಿನ ಸುಟ್ಟಗಾಯದ ವಾರ್ಡಿಗೆ ಜಯಶೀಲಾ ಬರುವಷ್ಟರಲ್ಲಿ ನಾಲ್ವರಿಗೂ ಬ್ಯಾಂಡೇಜು ಸುತ್ತಿ ಆಗಿತ್ತು. ಕೆಂಪಾಜಮ್ಮನಿಗೆ ಹೆಬ್ಬೆರಳು ಬಿಟ್ಟು ಉಳಿದ ಬೆರಳ ತುದಿಗಳಷ್ಟೇ ಬೊಬ್ಬೆ ಎದ್ದಿದ್ದವು. ಖುರ್ಷಿದಾ ಮತ್ತು ಸಣ್ಣತಾಯಮ್ಮನಿಗೆ ಮಣಿಕಟ್ಟಿನವರೆಗೆ. ಎಲ್ಲರಿಗಿಂತ ಮೊದಲು ನೀರಿಗಿಳಿದು, ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ ಹೊಂಬಾಳಮ್ಮನ ತೋರುಬೆರಳನ್ನು ಉಳಿಸಲಾಗುವುದಿಲ್ಲ ಎಂದರು ವೈದ್ಯರು. ಹೊಂಬಾಳಮ್ಮ ನಗುತ್ತಿದ್ದಳು. "ಗಾಬ್ರಿ ಆಗ್ಬ್ಯಾಡ ಮಗ, ಒಂಚೂರೂ ನೋಯ್ತಿಲ್ಲ," ಎಂದಳು. ಜಯಶೀಲಾ ಅಲ್ಲಿಂದಲೇ ಸಂಸ್ಥೆಗೆ ಹೊರಟಳು.

ಅಪಾಯವಾದಾಗ ಯಾರಿಗೆ ಯಾವ ಮಾತ್ರೆ ಎಂದು ತೆರೆದು ನೋಡಲು ನಿಯಮವಿದೆ. ಮಧ್ಯಾಹ್ನ ಅವಳು ಸಂಸ್ಥೆಯ ದಾಖಲೆ ಕೋಣೆಯಲ್ಲಿ ಆ ಪಟ್ಟಿಯನ್ನು ತೆರೆಸಿದಳು. ಕೆಂಪಾಜಮ್ಮನಿಗೆ ಸಕ್ಕರೆ ಮಾತ್ರೆ. ಉಳಿದ ಮೂವರಿಗೆ ಜಿಆರ್-೪೧, ದಿನಕ್ಕೆ ಐದು ಮಿಲಿಗ್ರಾಂ. ಅಲ್ಲಿಗೆ ಉಸಿರು ಬಂದಂತಾಯಿತು. ಕೆಳಗಿನ ಸಾಲಿಗೆ ಕಣ್ಣು ಹೋಯಿತು. ಹದಿನೆಂಟನೇ ವಾರದಿಂದ ಇಪ್ಪತ್ತು ಮಿಲಿಗ್ರಾಂ. ಬಾಟಲಿಯ ಚೀಟಿ ಬದಲಾಗಿರಲಿಲ್ಲ, ಒಳಗಿನ ಮಾತ್ರೆ ಬದಲಾಗಿತ್ತು.

ನಾಲ್ಕು ಪಟ್ಟು.

ಪ್ರಮಾಣ ಬದಲಿಸಲು ಅನುಮತಿ ಕೇಳಿದ ಅರ್ಜಿ ಅದರ ಹಿಂದೆಯೇ ಇತ್ತು. ಅವಳು ಬರೆದ ಇಲಿಯ ವರದಿಯನ್ನು ಜೊತೆಗೆ ಲಗತ್ತಿಸಬೇಕಿತ್ತು. ಪುಟಗಳನ್ನು ಎಣಿಸಿದಳು. ಮೂವತ್ತು ಆದ ಮೇಲೆ ಮೂವತ್ತೆರಡು. ಮೀಸೆ ತೀಡುವ ಇಲಿ ಇದ್ದದ್ದು ಮೂವತ್ತೊಂದರಲ್ಲಿ. ಅರ್ಜಿಯ ಕೊನೆಗೆ ಎರಡು ಸಹಿ. ಒಂದು ಚಿದಂಬರರದು. ಇನ್ನೊಂದನ್ನು ಅವಳು ಬಹಳ ಹೊತ್ತು ನೋಡಿದಳು. ಅದು ಅವಳದೇ.

ಆ ದಿನ ನೆನಪಾಯಿತು. ಅವರು ವಿಮಾನಕ್ಕೆ ಹೊರಟಿದ್ದರು. ನಲವತ್ತು ಪುಟದ ಕಂತೆಯನ್ನು ಕೈಗಿಟ್ಟು, "ವರ್ಷದ ಮಾಮೂಲಿ ಕಾಗದ ಜಯಶೀಲಾ, ಓದೋಕೆ ಸಮಯ ಇಲ್ಲ, ಗುರುತು ಹಾಕಿರೋ ಕಡೆ ಸಹಿ ಮಾಡಿಬಿಡು," ಎಂದಿದ್ದರು. ಅವರು ಓದಿದ್ದಾರೆ ತಾನೆ, ಸಾಕು ಎಂದುಕೊಂಡು ಅವಳು ಆರು ಕಡೆ ಸಹಿ ಮಾಡಿ, ಅವರ ಪೆನ್ನನ್ನು ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಿದ್ದಳು.

ಚಿದಂಬರ ತಮ್ಮ ಕೋಣೆಯಲ್ಲಿ ಅವಳಿಗಾಗಿಯೇ ಕಾದಂತಿದ್ದರು. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಮೂವತ್ತೊಂದನೇ ಪುಟ ಎಲ್ಲಿ ಸರ್?"

"ಅದು ಇಲಿಗಳ ಪುಟ. ಮನುಷ್ಯರು ಇಲಿಗಳಲ್ಲ."

"ಹತ್ತಿರ ಹೋಗೋದು ಬೇಡ ಅಂದಿದ್ದು ನೀವೇ."

ಅವರು ಕನ್ನಡಕ ತೆಗೆದು ಒರೆಸಿದರು. "ಆರಕ್ಕೆ ಇಳಿಸೋ ಔಷಧಿನ ಯಾರೂ ಕೊಳ್ಳಲ್ಲ ಜಯಶೀಲಾ. ಕೊಳ್ಳದೆ ಇದ್ರೆ ಅದು ಕಪಾಟಲ್ಲಿ ಸಾಯುತ್ತೆ. ನಿನ್ನ ಒಂಬತ್ತು ವರ್ಷ ಅದರ ಜೊತೆ ಸಾಯುತ್ತೆ. ಒಂದಿಷ್ಟು ವಾರ ಪ್ರಮಾಣ ಏರಿಸಿ, ಗೆರೆ ಇಳಿಸಿ ತೋರಿಸಿ, ಮತ್ತೆ ಕೆಳಗೆ ತರೋಣ ಅಂತಿದ್ದೆ. ಅಷ್ಟರಲ್ಲಿ ಹೀಗಾಯ್ತು."

"ನಮ್ಮ ಮನೇಲಿ ಊಟ ಮಾಡಿದ್ರಿ."

ಅವರು ಒಂದು ಕಾಗದವನ್ನು ಅವಳ ಕಡೆ ಸರಿಸಿದರು. ತನಿಖೆಗೆ ಕೊಡಬೇಕಾದ ಹೇಳಿಕೆ. ಭಾಗವಹಿಸಿದವರಿಗೆ ಬಿಸಿಯ ಬಗ್ಗೆ ಲಿಖಿತ ಎಚ್ಚರಿಕೆ ಕೊಡಲಾಗಿತ್ತು. ಘಟಕದಲ್ಲಿ ಥರ್ಮಾಮೀಟರ್ ಇದ್ದರೂ ಬಳಸಲಿಲ್ಲ. ದುರ್ಘಟನೆಗೆ ಅವರ ಅಜಾಗರೂಕತೆಯೇ ಕಾರಣ. ಆ ಲಿಖಿತ ಎಚ್ಚರಿಕೆ ಬಾಟಲಿಯ ಒಳಗೆ ಮಡಚಿಟ್ಟ ಇಂಗ್ಲಿಷ್ ಚೀಟಿಯಲ್ಲಿತ್ತು.

"ನಿನ್ನ ಹೆಸರೂ ಉಳಿಯುತ್ತೆ," ಎಂದರು.

"ನೀವು ನನಗೆ ಓದಬೇಡ ಅಂದಿರಿ."

"ಓದಬೇಡ ಅಂತ ನಾನು ಹೇಳಲಿಲ್ಲ. ಸಮಯ ಇಲ್ಲ ಅಂದೆ. ಸಹಿ ನಿನ್ನದು."

ದನಿ ಏರಲಿಲ್ಲ. ಟೈಫಾಯ್ಡ್ ಬಂದಾಗ ಗಂಜಿ ಕುಡಿದೆಯಾ ಎಂದು ಕೇಳಿದ್ದ ದನಿಯೇ ಅದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಜನ ಕೇಳುತ್ತಾರೆ. ಮೇಯುವಾಗಲೂ ಬೇಲಿ ಬೇಲಿಯ ಹಾಗೇ ಕಾಣುತ್ತದೆ ಎಂಬುದು ಜಯಶೀಲಾಳಿಗೆ ಅಂದು ತಿಳಿಯಿತು. ಉಂಡ ಮನೆಗೆ ಎರಡು ಬಗೆದ ಆ ಮನುಷ್ಯನ ಮೇಲೆ ಅವಳಿಗೆ ಕೋಪ ಬಂತು, ಅಳು ಬಂತು. ಅವೆರಡಕ್ಕಿಂತ ಹೆಚ್ಚಾಗಿ, ಆ ಕಾಗದಕ್ಕೆ ಸಹಿ ಹಾಕಿಬಿಡಬೇಕು ಎಂಬ ಆಸೆ ಬಂತು. ಹಾಕಿದರೆ ಚಿಕ್ಕವ್ವನಿಗೆ ಏನೂ ಗೊತ್ತಾಗುವುದಿಲ್ಲ. ಮೊದಲಿನ ಹಾಗೇ ಮಗ ಎಂದು ಕರೆಯುತ್ತಾಳೆ. ಆಸೆಗೆ ತಾನೇ ಹೆದರಿ ಅವಳು ಹೊರಗೆ ಬಂದಳು, ಕಾಗದವನ್ನು ಚೀಲಕ್ಕೆ ಹಾಕಿಕೊಂಡೇ.

ಎಂಟು ದಿನ ಹೇಳಲಾಗಲಿಲ್ಲ. ವಾರ್ಡಿನಲ್ಲಿ ಹೊಂಬಾಳಮ್ಮನಿಗೆ ಗಂಜಿ ಕುಡಿಸಿದಳು, ತಲೆ ಬಾಚಿದಳು. ಔಷಧಿ ನಿಲ್ಲಿಸಿದ್ದರಿಂದ ಐದನೇ ದಿನಕ್ಕೆ ಉರಿ ವಾಪಸಾಯಿತು, ಸುಟ್ಟ ನೋವೂ ಅದರ ಮೇಲೆ ಕೂತಿತು. ಹೊಂಬಾಳಮ್ಮ ಹಲ್ಲು ಕಚ್ಚಿ ಮಲಗಿದ್ದಳು. ಬ್ಯಾಂಡೇಜಿನ ಕೈಗಳು ಮತ್ತೆ ಹೊದಿಕೆಯ ಹೊರಗೆ ಬಂದಿದ್ದವು.

"ಇಲ್ಲದೆ ಇರೋ ಬೆಳ್ಳೇ ಜಾಸ್ತಿ ಉರಿಯೋದು ನೋಡು," ಎಂದಳು ಒಂಬತ್ತನೇ ದಿನ ಮಧ್ಯಾಹ್ನ. "ಕತ್ತರಿಸಿ ಹಾಕಿದ್ರೂ ಹೋಗಿಲ್ಲ. ನಿನ್ ಸೈನ್ಸಲ್ಲಿ ಅದಕ್ಕೇನಂತಾರೆ?"

ಉತ್ತರ ಜಯಶೀಲಾಳಿಗೆ ಗೊತ್ತಿತ್ತು. ಬೆರಳು ಹೋದರೂ ಬೆನ್ನುಹುರಿಯಲ್ಲಿ ಅದರ ಬಾಗಿಲು ಉಳಿದಿರುತ್ತದೆ. ಅದನ್ನು ಹೇಳಲು ಬಾಯಿ ತೆರೆದವಳು ಉಳಿದದ್ದನ್ನೆಲ್ಲ ಹೇಳಿಬಿಟ್ಟಳು. ಇಪ್ಪತ್ತು ಮಿಲಿಗ್ರಾಂ, ಮೂವತ್ತೊಂದನೇ ಪುಟ, ಆರು ಕಡೆಯ ಸಹಿ, ಹಾಲಿನ ಪಾತ್ರೆ. ಪಕ್ಕದ ಮಂಚದಲ್ಲಿ ಖುರ್ಷಿದಾ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಮುಗಿದ ಮೇಲೆ ಹೊಂಬಾಳಮ್ಮ ಬ್ಯಾಂಡೇಜಿನ ಕೈಯನ್ನು ತಿರುಗಿಸಿ ನೋಡಿಕೊಂಡಳು.

"ಪ್ರೊಫೆಸರ್ ಮೋಸ ಮಾಡಿದ್ರು ಚಿಕ್ಕವ್ವ," ಎಂದಳು ಜಯಶೀಲಾ.

"ನಿನಗೆ ಮಾಡಿದ್ನೇನೋ. ನಂಗೆ ಆ ಯಪ್ಪನ ಗುರ್ತೇ ಇಲ್ಲ. ಬಂದ, ಉಂಡ, ಹೋದ. ನಾನು ಹೆಬ್ಬೆಟ್ಟು ಒತ್ತಿದ್ದು ನಿನ್ ಮಖ ನೋಡಿ."

ಹೊಂಬಾಳಮ್ಮ ಮುಂದುವರಿಸಿದಳು, ಕೂಗದೆ, ಅಳದೆ. "ಇಪ್ಪತ್ತೊಂಬತ್ತು ವರ್ಸ ನನ್ ಬೆಳ್ಳು ನಂಬ್ಕೊಂಡು ಇವರೆಲ್ಲ ನೀರಿಗೆ ಕೈ ಹಾಕವ್ರೆ. ಒಂದಿನ ನಾನು ಮುಟ್ಟಿ ನೋಡ್ದೆ ಸಾಕು ಅಂದಿರ್ಲಿಲ್ಲ. ನೀನು ಓದ್ದೆ ಹೆಂಗಂದೆ?"

ಜಯಶೀಲಾ ಚೀಲದಿಂದ ಎರಡು ಕಾಗದ ತೆಗೆದಳು. ಒಂದು ಚಿದಂಬರರು ಕೊಟ್ಟ ಹೇಳಿಕೆ. ಇನ್ನೊಂದು ಹಿಂದಿನ ದಿನ ಅವಳೇ ಬರೆದ ದೂರು, ನಾಲ್ಕು ಹೆಂಗಸರ ಹೆಸರಿನಲ್ಲಿ. ಮೊದಲನೆಯದನ್ನು ಏನೆಂದು ಹೇಳಿ ಹರಿದಳು. ಎರಡನೆಯದಕ್ಕೆ ಹೊಂಬಾಳಮ್ಮನ ಹೆಬ್ಬೆಟ್ಟು ಬೇಕಿತ್ತು.

ಹೊಂಬಾಳಮ್ಮ ಬಲಗೈಯ ಬ್ಯಾಂಡೇಜನ್ನು ಎತ್ತಿ ಹಿಡಿದಳು. "ಯಾವ ಹೆಬ್ಬೆಟ್ಟು ಒತ್ತಿಸ್ಕೊಂತೀಯ? ಇದ್ದ ನಾಲ್ಕು ಗೆರೇನೂ ಬೆಂದೋಯ್ತು. ಕೆಂಪಾಜಿ ಒಬ್ಳದೇ ಉಳಿದಿರೋದು, ಅವಳತ್ರ ಒತ್ತಿಸ್ಕೊ." ಆಮೇಲೆ, "ಅದ್ರಲ್ಲಿ ನಿನ್ ಹೆಸ್ರು ಐತಾ?" ಎಂದಳು.

"ಐತೆ. ತಪ್ಪು ಮಾಡಿದೋರಲ್ಲಿ ಎರಡನೇ ಹೆಸರು."

"ಅದು ಕೊಟ್ರೆ ನಿನ್ ಕೆಲ್ಸ ಹೋಯ್ತದ?"

"ಹೋಗುತ್ತೆ."

ಹೊಂಬಾಳಮ್ಮ ಕಿಟಕಿಯ ಕಡೆ ನೋಡಿದಳು. ಅವಳ ಮುಖದಲ್ಲಿ ಮರುಕ ಇತ್ತೋ ಇಲ್ಲವೋ ಜಯಶೀಲಾಳಿಗೆ ತಿಳಿಯಲಿಲ್ಲ. ಹಿಂದೆ ಆ ಮುಖವನ್ನು ಅವಳು ಪುಸ್ತಕದ ಹಾಗೆ ಓದುತ್ತಿದ್ದಳು.

"ಮಾತ್ರೆ ಒಳ್ಳೇದೇ ಇತ್ತು ಕಣೆ," ಎಂದಳು ಹೊಂಬಾಳಮ್ಮ. "ಮೊದಲ್ನೇದು. ಆರಕ್ಕೆ ಇಳಿಸ್ತಿತ್ತಲ್ಲ, ಅದು. ನಂಗೆ ಅಷ್ಟೇ ಸಾಕಾಗಿತ್ತು. ಯಾರಾದ್ರೂ ನನ್ನ ಕೇಳಿದ್ರಾ?"

ಜಯಶೀಲಾ ಪೆನ್ನು ತೆಗೆದು, ದೂರಿನ ಕೆಳಗೆ ಬರೆದವರು ಎಂಬ ಜಾಗದಲ್ಲಿ ಸಹಿ ಹಾಕಲು ಬಗ್ಗಿದಳು.

"ತಡಿ," ಎಂದಳು ಹೊಂಬಾಳಮ್ಮ. "ಮೊದ್ಲು ಓದು. ಜೋರಾಗಿ ಓದು, ಖುರ್ಷಿದಾಗೂ ಕೇಳ್ಲಿ. ನಾನು ಸಾಕು ಅನ್ನೋಗಂಟ ಸಹಿ ಹಾಕ್ಬ್ಯಾಡ."

ಜಯಶೀಲಾ ಓದತೊಡಗಿದಳು. ಖುರ್ಷಿದಾ ಕಣ್ಣು ಬಿಟ್ಟಳು. ಆಚೆ ಮಂಚದಿಂದ ಸಣ್ಣತಾಯಮ್ಮ ಎದ್ದು ಕೂತಳು. ಮೂರನೇ ಪುಟ ಬಂತು, ಹೊಂಬಾಳಮ್ಮ ತಡೆಯಲಿಲ್ಲ. ತನ್ನ ಹೆಸರಿದ್ದ ಸಾಲು ಬಂದಾಗ ಜಯಶೀಲಾಳ ದನಿ ನಿಂತಿತು. ಹೊಂಬಾಳಮ್ಮ ಕಾದಳು. ಅವಳು ಆ ಸಾಲನ್ನೂ ಓದಿದಳು. ಕೊನೆಯ ಪುಟ ಮುಗಿಯಿತು.

ಪೆನ್ನು ಹಿಡಿದು ತಲೆಯೆತ್ತಿ ನೋಡಿದಳು. ಹೊಂಬಾಳಮ್ಮ ಕೈಗಳನ್ನು ಹೊದಿಕೆಯ ಹೊರಗೆ ಚಾಚಿಕೊಂಡು ಅವಳನ್ನೇ ನೋಡುತ್ತಿದ್ದಳು.

"ಇನ್ನೊಂದು ಸಲ ಓದು," ಎಂದಳು.